ರಾಷ್ಟ್ರಪತಿಗಳು ಉಣ್ಣದ ಊಟ

ರಾಷ್ಟ್ರಪತಿಗಳು ತಾರಾಬಾಯಿಯ ಮನೆಯಲ್ಲಿ ಉಂಡು ಹೋಗಿದ್ದಾರೆಂದು ಜಹೀರಾಬಾದಿನಿಂದ ತಾಂಡೂರಿನವರೆಗೆ ಎಲ್ಲರಿಗೂ ಗೊತ್ತು. ಆ ಊಟದ ಬಿಲ್ಲು ನಾಲ್ಕು ಲಕ್ಷ ಎಂಬತ್ತು ಸಾವಿರ ಆಯಿತೆಂದೂ ಎಲ್ಲರಿಗೂ ಗೊತ್ತು. ಎರಡೂ ಗೊತ್ತಿಲ್ಲದವಳು ತಾರಾಬಾಯಿ ಒಬ್ಬಳೇ. ಪಾಪ, ಅವಳು ಬರೀ ಅಡುಗೆ ಮಾಡಿದವಳು.

ನಡೆದದ್ದು ಇಷ್ಟು. ಆಷಾಢದ ಶುರುವಿನಲ್ಲಿ ರಾಷ್ಟ್ರಪತಿಗಳು ಜಹೀರಾಬಾದಿಗೆ ಬರುವವರಿದ್ದರು. ನಡುವೆ ರಾಯಿಕೋಡ್ ಹತ್ತಿರದ ಈ ಗಡಿಹಳ್ಳಿಯಲ್ಲಿ ಹೆಲಿಕಾಪ್ಟರ್ ಇಳಿಸಿ, ಸಜ್ಜೆ-ನವಣೆ ಬೆಳೆಯುವ ಹೆಂಗಸರ ಸಂಘವನ್ನು ನೋಡಿ, ಎರಡು ತುತ್ತು ಉಂಡು ಮುಂದೆ ಹೋಗುವುದೆಂದು ಗೊತ್ತಾಗಿತ್ತು. ಸಂಘದ ಅಧ್ಯಕ್ಷೆ ತಾರಾಬಾಯಿ. ಇನ್ನೂರು ಮಂದಿಗೆ ಊಟ ಆಗಬೇಕು, ತಟ್ಟೆಗೆ ಎಷ್ಟು ದುಡ್ಡು ಹಾಕೋಣ ಎಂದು ಅಧಿಕಾರಿಗಳು ಕೇಳಿದರು. ತಾರಾಬಾಯಿಗೆ ನಗು ಬಂತು. ಅವಳ ಅತ್ತೆಯ ಅತ್ತೆಯ ಕಾಲದಿಂದ ಆ ಅಂಗಳದಲ್ಲಿ ಶ್ರಾವಣ ಸೋಮವಾರದ ದಾಸೋಹ ನಡೆಯುತ್ತಿದೆ. ಊರವರು ಮನೆಗೊಂದು ಸೇರು ಜೋಳ ತಂದು ಸುರಿಯುತ್ತಾರೆ, ಈ ಮನೆಯವರು ಬೇಯಿಸಿ ಬಡಿಸುತ್ತಾರೆ. ಬಂದವನ ಜಾತಿ ಕೇಳುವುದಿಲ್ಲ, ಹೆಸರು ಕೇಳುವುದಿಲ್ಲ. ದುಡ್ಡಿನ ಮಾತಂತೂ ಅಲ್ಲಿ ಯಾರೂ ಎತ್ತುವಂತಿಲ್ಲ. ನಮ್ಮ ಅಂಗಳದಲ್ಲಿ ಕೂತು ಉಂಡರೆ ಅದು ದಾಸೋಹವೇ, ರಾಷ್ಟ್ರಪತಿಗಳಿಗೊಂದು ರೀತಿ, ಕುರಿ ಕಾಯುವವನಿಗೊಂದು ರೀತಿ ಇಲ್ಲ ಎಂದು ಅವಳು ಹೇಳಿ ಕಳಿಸಿದಳು.

ಆದರೆ ಫೈಲಿಗೆ ಕಾಗದ ಬೇಕಲ್ಲ. ಹಿಂದಿನ ದಿನ ಕ್ರಾಂತಿಕುಮಾರ ಎಂಬ ಗುಮಾಸ್ತ ತೆಲುಗಿನಲ್ಲಿ ಅಚ್ಚಾದ ವೋಚರ್ ಹಿಡಿದು ಬಂದ. ಇನ್ನೂರು ಊಟ ಎಂದು ಬರೆದಿತ್ತು, ಮೊತ್ತದ ಜಾಗ ಖಾಲಿ ಇತ್ತು. ಸೊಸೆ ಸೌಮ್ಯಾ ಕಾಲೇಜು ಕಲಿತವಳು, ಅಲ್ಲೊಂದು ಸೊನ್ನೆಯಾದರೂ ಬರೆಯಿರಿ ಅತ್ತೆ ಎಂದಳು. ತಾರಾಬಾಯಿ ಕೇಳಲಿಲ್ಲ. ಸೊನ್ನೆಯೂ ಒಂದು ಅಂಕಿಯೇ ತಾನೇ?

“ದಾಸೋಹಕ್ಕ ಅಂಕಿ ಇರಂಗಿಲ್ಲವ್ವ. ಖಾಲಿ ಇರೋದ ಚಂದ,” ಎಂದು ದುಂಡನೆಯ ಕನ್ನಡ ಅಕ್ಷರದಲ್ಲಿ ಸಹಿ ಹಾಕಿದಳು. ಹಾಕುವಾಗ ಒಳಗೊಳಗೆ ಹೆಮ್ಮೆಯೂ ಆಯಿತು. ಸರ್ಕಾರದ ಕಾಗದಕ್ಕೂ ನಮ್ಮ ಮನೆಯ ಪದ್ಧತಿ ತಿಳಿಯಿತಲ್ಲ ಎಂದುಕೊಂಡಳು.

ಮರುದಿನ ಮೋಡ ಕವಿಯಿತು. ಹೆಲಿಕಾಪ್ಟರ್ ಇಳಿಯಲೇ ಇಲ್ಲ. ಮೋಡದ ಮೇಲೆ ಗುಡುಗುಡು ಸದ್ದು ಕೇಳಿತು, ಅಷ್ಟೇ. ರಾಷ್ಟ್ರಪತಿಗಳು ನೆಟ್ಟಗೆ ಜಹೀರಾಬಾದಿಗೆ ಹೋದರಂತೆ. ಹಾಗೆಂದು ಮಾಡಿದ ಅಡುಗೆ ಕೆಟ್ಟಿತೇ? ಛೆ, ಎಲ್ಲಿಯ ಮಾತು! ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಗೋಧಿ ಹುಗ್ಗಿ ಎಲ್ಲವನ್ನೂ ಪೊಲೀಸರು, ಅಧಿಕಾರಿಗಳು, ಎಲ್ಲ ಪಕ್ಷದ ಮುಖಂಡರು ಸಾಲಾಗಿ ಕೂತು ಬಾರಿಸಿದರು. ತಾರಾಬಾಯಿಯ ಚಿಕ್ಕಪ್ಪನ ಮಗ ಧನರಾಜನೂ ಆ ಸಾಲಿನಲ್ಲಿದ್ದ. ನಾರಾಯಣಖೇಡದಲ್ಲಿ ತೊಗರಿ ವ್ಯಾಪಾರ ಮಾಡುವ ಅವನು ವಿರೋಧ ಪಕ್ಷದ ದೊಡ್ಡ ಕುಳ. ಹುಗ್ಗಿ ಎರಡು ಸಲ ಹಾಕಿಸಿಕೊಂಡ, ಅಕ್ಕನ ಕೈರುಚಿಯನ್ನು ಬಾಯ್ತುಂಬ ಹೊಗಳಿದ.

ಅದೇ ಬಾಯಿ ಮೂರು ವಾರದ ಮೇಲೆ ಜಹೀರಾಬಾದಿನ ಪತ್ರಿಕಾಗೋಷ್ಠಿಯಲ್ಲಿ ತೆರೆಯಿತು. ಧನರಾಜ ಒಂದು ಕೈಯಲ್ಲಿ ವೋಚರಿನ ನಕಲು, ಇನ್ನೊಂದು ಕೈಯಲ್ಲಿ ಜೋಳದ ರೊಟ್ಟಿ ಎತ್ತಿ ಹಿಡಿದಿದ್ದ. ರಾಷ್ಟ್ರಪತಿಗಳ ಒಂದು ಊಟಕ್ಕೆ ನಾಲ್ಕು ಲಕ್ಷ ಎಂಬತ್ತು ಸಾವಿರ, ಇದೇನು ಬಂಗಾರದ ರೊಟ್ಟಿಯೇ ಎಂದು ಕೇಳಿದ. ಬಡವರ ತೆರಿಗೆ ದುಡ್ಡು ಎಂದಾಗ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಇನ್ನೂರು ಮಂದಿಯ ಮಾತು ಅವನ ಬಾಯಲ್ಲಿ ಬರಲಿಲ್ಲ. ಎರಡು ಸಲ ಹಾಕಿಸಿಕೊಂಡ ಹುಗ್ಗಿಯ ಮಾತಂತೂ ದೂರವೇ ಉಳಿಯಿತು.

ಆಳುವ ಪಕ್ಷದವರಾದರೂ ನಿಜ ಹೇಳಿದರೇ? ಅವರೂ ಹೇಳಲಿಲ್ಲ. ನಿಮ್ಮ ಕಾಲದಲ್ಲಿ ಬಂದ ದೊಡ್ಡವರು ಗೋಡಂಬಿಯನ್ನೇ ಆರು ಲಕ್ಷದ್ದು ತಿಂದಿದ್ದರು ಎಂದು ತಿರುಗಿ ಬಿದ್ದರು. ಟಿವಿಯಲ್ಲಿ ನಾಲ್ಕು ಜನ ಕೂತು ಒಂದು ತಾಸು ಅರಚಿದರು. ರಾಷ್ಟ್ರಪತಿಗಳು ಅಲ್ಲಿ ಇಳಿದಿದ್ದರೇ ಎಂದು ಒಬ್ಬನೂ ಕೇಳಲಿಲ್ಲ. ತೆರೆಯ ತುಂಬ ವೋಚರ್, ಅದರ ಕೆಳಗೆ ದುಂಡಗೆ ಬರೆದ ತಾರಾಬಾಯಿಯ ಹೆಸರು.

ಮೊದಲು ಬಂದವಳು ಸಂಘದ ಭೂದೇವಿ. ಹದಿನಾರು ಹೆಂಗಸರು ಕೂಡಿ ರೊಟ್ಟಿ ಬಡಿದೆವಲ್ಲ, ನಮ್ಮ ಪಾಲು ಎಲ್ಲಿ ಎಂದು ಕೇಳಿದಳು. ತಾರಾಬಾಯಿ ಲಿಂಗ ಮುಟ್ಟಿ ಆಣೆ ಮಾಡಿದಳು. ಭೂದೇವಿ ಮೂಗು ಮುರಿದು ಎದ್ದುಹೋದಳು. ಶ್ರಾವಣ ಹತ್ತಿರ ಬಂದರೂ ದಾಸೋಹದ ಜೋಳ ಬರಲಿಲ್ಲ. ತೊಂಬತ್ತು ಮನೆಯ ಊರಿನಲ್ಲಿ ಹನ್ನೊಂದೇ ಮನೆಯವರು ತಂದು ಸುರಿದರು. ಅವಳಿಗೇನು ಕಡಿಮೆ ಈಗ, ಕುಂತಲ್ಲಿ ಲಕ್ಷ ಬಂದಿದೆ ಎಂದು ಬಾವಿಕಟ್ಟೆಯಲ್ಲಿ ಆಡಿಕೊಂಡರು. ಬೈದಿದ್ದರೆ ತಾರಾಬಾಯಿ ತಡೆದುಕೊಳ್ಳುತ್ತಿದ್ದಳು. ದಾಸೋಹ ಮಾರಿಕೊಂಡವಳು ಎಂಬ ಮಾತು ಕಿವಿಗೆ ಬಿದ್ದ ದಿನ ಅವಳಿಗೆ ಅನ್ನ ಇಳಿಯಲಿಲ್ಲ. ಕೆಟ್ಟರೆ ಹೊಲ ಕೆಡಲಿ, ಮನೆ ಬೀಳಲಿ. ಅತ್ತೆ ಕೈಗೆ ಕೊಟ್ಟು ಹೋದ ಆ ಒಂದು ಹೆಸರು ತನ್ನ ಕಾಲದಲ್ಲಿ ಕೆಡಬಾರದಿತ್ತು.

ಕಚೇರಿಗೆ ಹೋದಳು. ಕ್ರಾಂತಿಕುಮಾರ ಕುರ್ಚಿ ಕೊಟ್ಟ, ಚಹಾ ತರಿಸಿದ, ತಣ್ಣಗೆ ವಿವರಿಸಿದ. ಹೆಲಿಪ್ಯಾಡಿನ ಸುತ್ತ ಬಿದಿರು ಕಟ್ಟಿಸಿದ್ದರಂತೆ, ಜನರೇಟರಿಗೆ ಡೀಸೆಲ್ ಸುರಿದಿದ್ದರಂತೆ. ಆ ಖರ್ಚು ಹಾಕಲು ಬೇರೆ ಲೆಕ್ಕವಿರಲಿಲ್ಲ, ಊಟದ ಲೆಕ್ಕದಲ್ಲಿ ಜಾಗವಿತ್ತು. ತಟ್ಟೆಗೆ ಎರಡು ಸಾವಿರದ ನಾಲ್ಕುನೂರರಂತೆ ತುಂಬಿಬಿಟ್ಟರು. ಯಾರೂ ಒಂದು ಪೈಸೆ ತಿಂದಿಲ್ಲಮ್ಮಾ ಎಂದು ಅವನು ಎದೆ ಮುಟ್ಟಿ ಹೇಳಿದ. ಅದನ್ನೇ ಒಂದು ಹಾಳೆಯಲ್ಲಿ ಬರೆದುಕೊಡು ಅಂದರೆ ಮಾತ್ರ ನೌಕರಿ ಹೋಗುತ್ತದೆ ಎಂದ.

ಉಳಿದವನು ಧನರಾಜ. ತಾರಾಬಾಯಿ ನಾರಾಯಣಖೇಡದ ಬಸ್ಸು ಹತ್ತಿದಳು. ಅವನು ಅಡತಿ ಅಂಗಡಿಯಲ್ಲಿ ತೊಗರಿ ಚೀಲದ ಮೇಲೆ ಕೂತು ಫೋನಿನಲ್ಲಿ ಯಾರಿಗೋ ಶಾಮಿಯಾನದ ಅಳತೆ ಹೇಳುತ್ತಿದ್ದ. ಅಕ್ಕನನ್ನು ಕಂಡು ಎದ್ದು ಕಾಲು ಮುಟ್ಟಿದ. ತಾರಾಬಾಯಿ ಕೂಡಲಿಲ್ಲ, ನೀರು ಮುಟ್ಟಲಿಲ್ಲ.

“ನೀ ಎರಡು ಸಲ ಹುಗ್ಗಿ ಹಾಕ್ಸಿಕೊಂಡು ಉಂಡಿ ತಮ್ಮಾ. ನಾ ನಿನ್ನ ಹತ್ರ ರೊಕ್ಕ ಇಸ್ಕೊಂಡೆನೇನು?”

“ಇಲ್ಲಕ್ಕಾ. ನೀ ಯಾರ ಹತ್ರನೂ ಇಸ್ಕೊಂಡಿಲ್ಲಂತ ನನಗ ಗೊತ್ತದ.”

ಗೊತ್ತಿಲ್ಲದೆ ಆಡಿದ್ದಾನೆ, ತಿಳಿಸಿದರೆ ಸರಿಹೋಗುತ್ತಾನೆ ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡು ಬಂದಿದ್ದಳು.

“ಹಂಗಿದ್ರ ಅಷ್ಟ ಹೇಳು. ಒಂದ ಮಾತು. ತಾರಾಬಾಯಿ ರೊಕ್ಕ ಮುಟ್ಟಿಲ್ಲಂತ ಹೇಳು.”

ಧನರಾಜ ದನಿ ತಗ್ಗಿಸಿದ. ನೀನು ಮುಟ್ಟಿಲ್ಲ ಎಂದರೆ ಮತ್ತೆ ಆ ದುಡ್ಡು ಎಲ್ಲಿ ಹೋಯಿತೆಂದು ಕೇಳುತ್ತಾರೆ, ಬಿದಿರಿಗೆ ಹೋಯಿತು ಎನ್ನಬೇಕಾಗುತ್ತದೆ ಎಂದ.

“ಬೊಂಬಿನ ಮ್ಯಾಲ ಯಾರಿಗೆ ಸಿಟ್ಟು ಬರ್ತದಕ್ಕಾ? ರೊಟ್ಟಿ ಅಂದ್ರ ಮಂದಿಗೆ ಹೊಟ್ಟಿ ಉರೀತದ.”

ಇಷ್ಟು ಸಾಲದೆಂಬಂತೆ ಇನ್ನೊಂದು ಮಾತೂ ತೆಗೆದ. ಬರುವ ಗುರುವಾರ ತಾಂಡೂರಿನಲ್ಲಿ ಈ ದುಂದುವೆಚ್ಚದ ವಿರುದ್ಧ ಧರಣಿಯಂತೆ. ರಾಜ್ಯದ ನಾಯಕರು ಬರುತ್ತಾರಂತೆ, ಅವರಿಗೆ ರಸ್ತೆ ಪ್ರಯಾಣ ಆಗುವುದಿಲ್ಲ, ಬೆನ್ನುನೋವು, ಹೆಲಿಕಾಪ್ಟರಿನಲ್ಲಿ ಬರುತ್ತಾರಂತೆ. ಮುನ್ನೂರು ಮಂದಿಗೆ ಅಕ್ಕನೇ ರೊಟ್ಟಿ ಮಾಡಿಕೊಟ್ಟರೆ ಚೆನ್ನ, ದಾಸೋಹದ ಪುಣ್ಯವೂ ಬರುತ್ತದೆ, ಸಂಘದ ಹೆಸರೂ ತೊಳೆದಂತಾಗುತ್ತದೆ ಎಂದ. ಮೈಮೇಲೆ ಖಬರಿದ್ದವನು ಆಡುವ ಮಾತೇ ಇದು? ಅವನ ಮುಖದಲ್ಲಿ ನಾಚಿಕೆಯ ಸುಳಿವೂ ಇರಲಿಲ್ಲ.

ಆ ಹೆಲಿಕಾಪ್ಟರಿಗೆ ಯಾರು ರೊಕ್ಕ ಕೊಡುತ್ತಾರೆಂದು ತಾರಾಬಾಯಿ ಕೇಳಿದಳು.

“ಅದರ ಮಾತು ಬ್ಯಾರೆ ಅಕ್ಕಾ,” ಎಂದ ಧನರಾಜ.

ಅವಳ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯುವುದು ಬೇಡ. ತೊಗರಿ ಜರಡಿ ಹಿಡಿಯುತ್ತಿದ್ದ ಹೆಂಗಸರು ಕೈ ನಿಲ್ಲಿಸಿ ಕೇಳಿದರು. ಧನರಾಜ ನಗುತ್ತಲೇ ಕೇಳಿಸಿಕೊಂಡ, ಬಸ್‌ಸ್ಟ್ಯಾಂಡಿನವರೆಗೆ ಬಿಡಲು ಕಾರು ತೆಗೆಯಲೇ ಎಂದೂ ವಿಚಾರಿಸಿದ. ಅವಳು ನಡೆದೇ ಹೋದಳು.

ಶ್ರಾವಣದ ಮೊದಲ ಸೋಮವಾರ ತಾರಾಬಾಯಿ ಒಲೆ ಹೊತ್ತಿಸಿದಳು. ಕಡಿಮೆ ಬಿದ್ದ ಜೋಳವನ್ನು ತನ್ನ ಕಣಜದಿಂದಲೇ ತೆಗೆದಳು. ಇನ್ನೂರು ಮಂದಿ ಕೂಡುತ್ತಿದ್ದ ಅಂಗಳದಲ್ಲಿ ಆ ದಿನ ಮೂವತ್ತು ಮಂದಿಯೂ ಇರಲಿಲ್ಲ. ಆದರೂ ಬಂದವರು ಉಂಡರು, ಅವಳ ಜೀವಕ್ಕೆ ತುಸು ತಂಪಾಯಿತು. ಬಂದವರಲ್ಲಿ ಕುರಿಗಾರ ಮರೆಪ್ಪನೂ ಇದ್ದ. ಅವನು ವರ್ಷದಲ್ಲಿ ಎಂಟು ತಿಂಗಳು ಮಂದೆಯ ಹಿಂದೆ ಅಲೆಯುವವನು, ಶ್ರಾವಣದಲ್ಲಿ ಎಲ್ಲೇ ಇದ್ದರೂ ಇಲ್ಲಿಗೆ ಬರುವವನು. ಕೊಂಕು ಮಾತು ಅವನಿಗೆ ಬಾರದು. ಉಂಡು, ತಟ್ಟೆ ತೊಳೆದಿಟ್ಟು, ಕೈಯನ್ನು ಧೋತರಕ್ಕೆ ಒರೆಸಿಕೊಳ್ಳುತ್ತ ಅವಳ ಮುಂದೆ ಬಂದು ನಿಂತ. ಬನಿಯನ್ನಿನ ಕಿಸೆಯಿಂದ ಮಡಚಿದ ನೋಟು ತೆಗೆದ.

“ನಂದು ಎಷ್ಟಾತ್ರಿ ಅವ್ವಾರೆ? ಆ ದೊಡ್ಡವ್ರಿಗೆ ಭಾಳ ರೊಕ್ಕ ಹಾಕೀರಂತ ಕೇಳೀನಿ. ನಮ್ಮಂಥಾವ್ರಿಗೆ ಏನರ ಕಮ್ಮಿ ಮಾಡ್ತೀರೇನ್ರಿ?”

ಅಂಗಳದಲ್ಲಿ ತಲೆಗಳು ತಿರುಗಿದವು. ತಾರಾಬಾಯಿ ಅವನ ಕೈಯನ್ನು ಹಿಂದಕ್ಕೆ ಸರಿಸಿದಳು.

“ಇಲ್ಲಿ ರೊಕ್ಕ ತಗೊಳ್ಳಂಗಿಲ್ಲ ಮರೆಪ್ಪ,” ಎಂದಳು ಹೇಗೋ.

ಮರೆಪ್ಪ ಸುತ್ತ ಕೂತವರನ್ನು ನೋಡಿದ. ತಪ್ಪು ತನ್ನದೇ ಎಂಬಂತೆ ನಾಲಿಗೆ ಕಚ್ಚಿಕೊಂಡು, ಒಂದು ಹೆಜ್ಜೆ ಹತ್ತಿರ ಬಂದು ಪಿಸುಗುಟ್ಟಿದ.

“ಖರೆ ಅದರಿ, ಎಲ್ಲಾರ ಮುಂದ ಕೇಳಬಾರದಿತ್ತು. ಇವ್ರೆಲ್ಲಾ ಹೋಗ್ಲಿ, ನಾ ಕುಂದರ್ತೀನಿ.”

ಅವನು ನೋಟನ್ನು ಮುಷ್ಟಿಯಲ್ಲಿ ಮಡಚಿಕೊಂಡು ಗೋಡೆಗೆ ಒರಗಿ ಕೂತ. ತಾರಾಬಾಯಿ ಬಡಿಸುವ ಹುಟ್ಟನ್ನು ಸೌಮ್ಯಾಳ ಕೈಗೆ ಕೊಟ್ಟು ಒಳಗೆ ಹೋದಳು, ಚಿಲಕ ಹಾಕಿಕೊಂಡಳು. ಉಣ್ಣುವವರು ಅಂಗಳದಲ್ಲಿರುವಾಗ ಆ ಮನೆಯ ಬಾಗಿಲು ಮುಚ್ಚಿದ್ದು ಅದೇ ಮೊದಲು.