ಗ್ರಹಣಕ್ಕೆ ಕತ್ತರಿಸಿದ ಕೈ

ಧಾರಿಣಿ ಅತ್ತೆಯ ಬಲಗೈ ಎರಡು ಎಕ್ಸ್‌ರೇಗಳಲ್ಲಿ ಉಳಿದಿತ್ತು: ಸಂಧಿವಾತ ಶುರುವಾದ ೨೦೦೭ರದ್ದೊಂದು, ಈ ತಿಂಗಳದ್ದೊಂದು. ತೋರುಬೆರಳ ಬುಡದ ಕೀಲಿನ ಸಂದು ಆಗ ೧.೮ ಮಿಲಿಮೀಟರ್, ಈಗ ೦.೮.

"ವ್ಯಾಕರಣದಲ್ಲಿ ಇದಕ್ಕೆ ಲೋಪಸಂಧಿ ಅಂತಾರೆ, ಅತ್ತೆ."

"ಹಲ್ಲು ಲೋಪ ಆಗುತ್ತೆ ನೋಡು ಜೀವನ್!"

ದೆಹಲಿಯ ಓಖ್ಲಾದ ಆಫೀಸಿನಲ್ಲಿ ಇಂಥ ಸವೆತಕ್ಕೆ ಸಮೀಕರಣ ಹೊಸೆಯುವುದೇ ನನ್ನ ಕೆಲಸ. ಆದರೆ ಎರಡು ಚುಕ್ಕೆಗಳ ನಡುವೆ ಯಾವ ಗೆರೆಯನ್ನಾದರೂ ಎಳೆಯಬಹುದು. ಒಂದೇ ವೇಗದಲ್ಲಿ ಸವೆದಿದ್ದರೆ ಮುಂದೆಯೂ ಸವೆಯುತ್ತದೆ. ಮಾತ್ರೆ ಬಿಟ್ಟು ಇಂಜೆಕ್ಷನ್ ಹಿಡಿಯಬೇಕು. ಮೊದಲೇ ಸವೆದು ಆಮೇಲೆ ನಿಧಾನಿಸಿದ್ದರೆ ಮಾತ್ರೆಯೇ ಸಾಕು. ಸೋಮವಾರ ಡಾಕ್ಟರು ತೀರ್ಮಾನಿಸುವವರಿದ್ದರು. ಅತ್ತೆಗೆ ಬೇಕಾಗಿದ್ದದ್ದು ಒಂದೇ ಉತ್ತರ: ಇನ್ನೆಷ್ಟು ಚಳಿಗಾಲ ಸ್ವೆಟರ್ ಹೆಣೆಯಬಹುದು?

"ಮಧ್ಯದಲ್ಲಿ ಎಕ್ಸ್‌ರೇ ತೆಗೆಸಲೇ ಇಲ್ವಾ?"

"ಎರಡು ಸಾವಿರದ ಹತ್ತರ ಜನವರೀಲಿ ತೆಗೆಸಿದ್ದೆ ಕಣೋ. ಸಂಕ್ರಾಂತಿ ಮಾರನೇ ದಿನ ಗ್ರಹಣ ಬಂತಲ್ಲ, ಕತ್ತರಿಸಿ ಹಂಚಿಬಿಟ್ಟೆ."

ನೆನಪಾಯಿತು. ಕಿದ್ವಾಯಿ ನಗರದ ಹಳೆಯ ಸರ್ಕಾರಿ ಕ್ವಾರ್ಟರ್ಸ್. ಆ ಮಧ್ಯಾಹ್ನ ಇಡೀ ಬ್ಲಾಕು ಹುಲ್ಲಿನ ಮೇಲೆ ಕತ್ತೆತ್ತಿ ನಿಂತು, ಅತ್ತೆಯ ಬೆರಳುಗಳ ಮೂಲಕ ಸೂರ್ಯನನ್ನು ನೋಡಿತ್ತು. ಕಣ್ಣಿಗೆ ಕೇಡೆಂದು ಯಾರಿಗೆ ಗೊತ್ತಿತ್ತು! ನನಗೆ ಸಿಕ್ಕಿದ್ದು ಕಿರುಬೆರಳು. ಪಕ್ಕದ ಮನೆಯ ಸೆಕ್ಷನ್ ಆಫೀಸರ್ ಮುರಳೀಧರ ಮಾಮನಿಗೆ, ಹುದ್ದೆಗೆ ತಕ್ಕಂತೆ, ದೊಡ್ಡ ತುಂಡು.

ಮಾಮ ಯಾವುದನ್ನೂ ಎಸೆಯುವವರಲ್ಲ. ಊರಿನ ಇನ್ನೊಂದು ತುದಿಯ ದ್ವಾರಕಾದ ಮನೆಗೆ ಫೋನ್ ಮಾಡಿ ಅವರದೇ ಮೂಗಿನ ದನಿ ತೆಗೆದೆ: "ಆ ಗ್ರಹಣದ ಫೈಲ್ ಪುಟ್ ಅಪ್ ಮಾಡ್ರೀ."

"ಯಾರಯ್ಯ ಅದು, ನನ್ನ ಗಂಟಲು ಕದ್ದೋನು? ಜೀವನಾ?"

ಭಾನುವಾರ ಫೈಲ್ ಸಮೇತ ಬಂದರು. ಮೇಲೆ ಬರೆದಿತ್ತು: 'ಸೂರ್ಯಗ್ರಹಣ, ಇತರೆ'. ಒಳಗೆ ತೋರುಬೆರಳ ಬುಡದ ಗೆಣ್ಣು. ಮೂಲೆಯಲ್ಲಿ ಬಲಗೈಯ ಗುರುತು ಕೂಡ ಉಳಿದಿತ್ತು. ಅಳೆದೆ. ೧.೦.

ಹೋದದ್ದರಲ್ಲಿ ಹೆಚ್ಚಿನ ಪಾಲು ಮೊದಲ ಮೂರೇ ವರ್ಷದಲ್ಲಿ ಹೋಗಿತ್ತು. ಆಮೇಲೆ ಗೆರೆ ಬಹುತೇಕ ಮಲಗಿತ್ತು.

"ಒಂದು ಕೀಲಿನ ಸಾಕ್ಷಿ ಅಷ್ಟೇ," ಎಂದೆ.

ಅತ್ತೆ ನನ್ನ ಲ್ಯಾಪ್‌ಟಾಪ್ ಪರದೆಯ ಗೆರೆಯನ್ನೇ ನೋಡುತ್ತಿದ್ದರು. "ಆ ಮೂರು ಚಳಿಗಾಲವೇ? ಲಂಚ್ ಟೈಮಲ್ಲಿ ಆಫೀಸಿನ ಲಾನ್ ಮೇಲೆ ಬಿಸಿಲು ಕಾಯಿಸ್ತಾ, ಕಡಲೆಕಾಯಿ ಸುಲೀತಾ, ಹೆಂಗಸರೆಲ್ಲ ಸಾಲಾಗಿ ಹೆಣೀತಿದ್ವಿ. ಅಷ್ಟು ನಕ್ಕಿದ್ದು ಮತ್ತೆ ಯಾವತ್ತೂ ಇಲ್ಲ."

"ನೋವಿರಲಿಲ್ವಾ ಮೇಡಂ?" ಮಾಮ ಕೇಳಿದರು.

"ಇತ್ತು. ಡಿಸ್ಪೆನ್ಸರಿಯ ನೋವಿನ ಮಾತ್ರೆ ನುಂಗಿ ಹೋಗ್ತಿದ್ದೆ. ದೊಡ್ಡ ಡಾಕ್ಟರ ಹತ್ರ ಹೋದ್ರೆ ಹೆಣಿಗೆ ಬಿಡಿಸ್ತಾರೆ ಅಂತ ಮೂರು ವರ್ಷ ತಳ್ಳಿದೆ. ಈಗಿನ ಮಾತ್ರೆ ಶುರುವಾದದ್ದೇ ಆಮೇಲೆ."

ಮಾಮ ಫೈಲನ್ನು ಅತ್ತೆಯ ಕಡೆ ಸರಿಸಿದರು. ಅನುಕರಿಸಲು ನನಗೆ ಯಾರ ದನಿಯೂ ಸಿಗಲಿಲ್ಲ.

ಸೋಮವಾರ ಡಾಕ್ಟರು ಮೂರು ಚುಕ್ಕೆಗಳನ್ನೂ ರಕ್ತಪರೀಕ್ಷೆಯನ್ನೂ ನೋಡಿ ಮಾತ್ರೆಯನ್ನೇ ಮುಂದುವರಿಸಿದರು. ಹೆಣೆಯಿರಿ, ಆದರೆ ವರ್ಷಕ್ಕೊಂದು ಎಕ್ಸ್‌ರೇ ತಪ್ಪಿಸಬೇಡಿ ಎಂದರು. ಮರಳುವಾಗ ಆಟೋದಲ್ಲೇ ಅತ್ತೆ ನನ್ನ ಬೆನ್ನಿನ ಅಗಲವನ್ನು ಗೇಣು ಹಾಕಿ ಅಳೆದರು. ಎರಡು ಗೇಣಿಗೆ ಮುಗಿಯಬೇಕಾದ ಬೆನ್ನು ಮೂರಕ್ಕೆ ಬಂತು. ಬೆರಳು ಚಾಚುತ್ತಿದ್ದದ್ದೇ ಅಷ್ಟು.

"ದಪ್ಪ ಆಗಿದ್ದೀಯ," ಎಂದರು.