ಹದಿನಾಲ್ಕು ಬಾಗಿಲು ಸುತ್ತಿದ ಕಾಗದ

"ಈ ವಿಷಯ ಯಾರಿಗೂ ಹೇಳುವುದಿಲ್ಲ" ಎಂದು ಹನ್ನೊಂದು ವರ್ಷದ ಹಿಂದೆ ಕಾಮಾಕ್ಷಿಗೆ ಮಾತು ಕೊಟ್ಟಿದ್ದೆ. ಜಪಾನಿನ ಮಿನಾಟೋದಲ್ಲಿರುವ ನಮ್ಮ ಆಫೀಸಿನ ಮ್ಯಾನೇಜರ್ ಮುಕುಂದ ಅವಳಿಗೆ ರಜೆ ಕೊಡದೆ ಮೂರು ದಿನ ಹಗಲೂ ರಾತ್ರಿ ಕೂರಿಸಿದ್ದ. ನಾಲ್ಕನೆಯ ದಿನ ಗರ್ಭ ಹೋಯಿತು. ಆಗಿನ್ನೂ ಊರಿನಲ್ಲೇ ಇದ್ದ ಗಂಡನಿಗೂ ಅವಳು ಹೇಳಲಿಲ್ಲ. ಆಸ್ಪತ್ರೆಯಲ್ಲಿ ಜೊತೆಗಿದ್ದವಳು ನಾನೊಬ್ಬಳೇ.

ಕೊರೊನಾ ಬಂದ ವರ್ಷ ನನ್ನ ಸರದಿ. ಮೈಸೂರಿನಲ್ಲಿ ಅಕ್ಕ ಹಾಸಿಗೆ ಹಿಡಿದಿದ್ದಳು. ನಾನು ಹೋದರೆ ಜಪಾನಿಗೆ ಮರಳಿ ಬರಲು ಕಂಪನಿಯ ಪತ್ರ ಬೇಕಿತ್ತು.

"ನಿಮಗೆ ಕೊಟ್ರೆ ಎಲ್ರೂ ಕೇಳ್ತಾರೆ ಶೈಲಜಾ" ಎಂದ ಮುಕುಂದ, ಕಾಫಿ ಕಲಕುತ್ತ.

ಅಕ್ಕ ಹೋದ ಸುದ್ದಿಯನ್ನು ರೈಲಿನಲ್ಲಿ ನಿಂತುಕೊಂಡೇ ಓದಿದೆ. ಇವನನ್ನು ಆ ಕುರ್ಚಿಯಿಂದ ಇಳಿಸಬೇಕು ಅಂತ ಅನ್ನಿಸಿದ್ದು ಅಲ್ಲೇ.

ಆಫೀಸಿನವರ ವಾಟ್ಸಾಪ್ ಗುಂಪಿಗೆ ಅವನೇ ಅಡ್ಮಿನ್. ಆದರೆ ನಾವೆಲ್ಲ ವಾಸವಿರುವ ಗ್ಯೋಟೋಕುವಿನ ಕಟ್ಟಡದಲ್ಲಿ ಕಸದ ದಿನ, ಭೂಕಂಪದ ತಾಲೀಮು ಎಲ್ಲದರ ಸೂಚನೆಯೂ ಒಂದು ರಟ್ಟಿಗೆ ಸಿಕ್ಕಿಸಿ ಮನೆಯಿಂದ ಮನೆಗೆ ಹೋಗುತ್ತದೆ. ಓದಿದವರು ತಮ್ಮ ಹೆಸರಿನ ಮೊಹರು ಒತ್ತಿ ಪಕ್ಕದ ಬಾಗಿಲಿಗೆ ನೇತುಹಾಕಬೇಕು. ನಾನೂ ಒಂದು ರಟ್ಟು ಮಾಡಿ, ನಮ್ಮ ಕಂಪನಿಯವರ ಹದಿನಾಲ್ಕು ಮನೆಗಳಿಗೆ ಕಾಗದ ಹೊರಡಿಸಿದೆ: ಅಕ್ಕನ ವಿಷಯ ಹೀಗಾಯಿತು, ಮುಕುಂದನ ಮೇಲೆ ಬೆಂಗಳೂರಿನ ಹೆಡ್ಡಾಫೀಸಿಗೆ ಎಲ್ಲರೂ ಸೇರಿ ಬರೆಯೋಣ, ಒಪ್ಪಿದವರು ಮೊಹರು ಒತ್ತಿ. ವಾಪಸು ಬಂದಾಗ ಮೂರೇ ಮೊಹರು.

"ಬೇಜಾರಾಗತ್ತೆ ರೀ. ಆದ್ರೆ ಇದು ನಿಮ್ಮ ಪರ್ಸನಲ್ ಮ್ಯಾಟರ್ ಅಲ್ವಾ?" ಎಂದರು ಕೆಳಮನೆಯ ದಿನೇಶ.

ಆ ವಾರ ಮಗಳು ಹರ್ಷಿತಾಗೆ ಅಮೆರಿಕದ ವಸಾಹತುಗಳ ಪಾಠ. ಈರುಳ್ಳಿ ಹೆಚ್ಚುತ್ತ ಕೇಳಿದೆ, "ಒಬ್ಬೊಬ್ರು ಒಂದೊಂದ್ಕಡೆ ಇದ್ರು, ಇಂಗ್ಲೆಂಡಿನ ದೊರೆ ವಿರುದ್ಧ ಹೇಗೆ ಒಂದಾದ್ರು?"

"ಲೆಟರ್ಸ್, ಅಮ್ಮ. ಕಿಂಗ್ ಬಾಸ್ಟನ್ ಪೋರ್ಟ್ ಕ್ಲೋಸ್ ಮಾಡ್ಸಿದ. ಸೋ ಅಲ್ಲಿನವ್ರು ಎಲ್ರಿಗೂ ಬರೆದ್ರು, ಟುಡೇ ಅಸ್, ಟುಮಾರೋ ಯು ಅಂತ."

"ಎಲ್ರೂ ನಂಬ್ಬಿಟ್ರಾ?"

"ಪ್ರೂಫ್ ಕೊಟ್ರಲ್ಲ. ಒಂದಲ್ಲ, ಲಾಟ್ಸ್."

ನನ್ನ ಕಾಗದದಲ್ಲಿ ಇದ್ದದ್ದು ಒಂದೇ ಸಾವು. ಹೊಸ ಕಾಗದದಲ್ಲಿ ಎರಡನೆಯದನ್ನೂ ಬರೆದೆ, ಕಾಮಾಕ್ಷಿಯ ಹೆಸರು, ತಾರೀಖಿನ ಸಮೇತ. ಕೊನೆಗೆ "ನಾಳೆ ನಿಮ್ಮ ಮನೆ" ಎಂದು ಸೇರಿಸಿದೆ. ಕಾಮಾಕ್ಷಿಯ ಬಾಗಿಲು ಮೂರನೆಯದು. ರಟ್ಟನ್ನು ಮತ್ತೆ ಹೊರಡಿಸುವಾಗ ಅದನ್ನು ಸುತ್ತಿನ ಕೊನೆಗೆ ಇಟ್ಟೆ.

ಐದನೆಯ ದಿನ ಅವಳೇ ರಟ್ಟು ಹಿಡಿದು ಬಂದಳು. ಹದಿಮೂರು ಮೊಹರು ಬಿದ್ದಿದ್ದವು.

"ನಮ್ಮನೆಯವ್ರಿಗೆ ದಿನೇಶ ಲಿಫ್ಟಲ್ಲಿ ಸಮಾಧಾನ ಹೇಳಿದ್ರಂತೆ ಕಣೇ. ಯಾವ ಮಗು ಅಂತ ನನ್ನ ಕೇಳ್ತಿದಾರೆ."

"ಆ ಮುಕುಂದನ್ನ ಹಾಗೇ ಬಿಡ್ಬೇಕಿತ್ತಾ?"

"ನನ್ನ ಕೇಳ್ಬೇಕಿತ್ತು."

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಹೂಂ, ಅಂತಿದ್ದೆ. ಈಗಲೂ ಅದೇ ಹೇಳ್ತೀನಿ. ಕಳಿಸ್ಬೇಡ."

ಅವಳು ಮೆಟ್ಟಿಲಿಳಿಯುವವರೆಗೆ ಕಾದೆ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೋಗಿ ಕಾಗದವನ್ನು ಅಂಚೆಗೆ ಹಾಕಿದೆ.

ತಿಂಗಳೊಳಗೆ ಮುಕುಂದನನ್ನು ಬೆಂಗಳೂರಿಗೆ ವಾಪಸು ಕರೆಸಿಕೊಂಡರು. ಅವನು ಪೆಟ್ಟಿಗೆ ಎಳೆದುಕೊಂಡು ಲಿಫ್ಟಿಗೆ ಹೋಗುವುದನ್ನು ನನ್ನ ಜಾಗದಿಂದ ಎದ್ದು ನಿಂತು ನೋಡಿದೆ. ಮನೆಗೆ ಬಂದು ಪಾಯಸ ಮಾಡಿದೆ, ಎರಡು ಸಲ ಬಡಿಸಿಕೊಂಡು ತಿಂದೆ.

ಕಾಮಾಕ್ಷಿಗೆ ಕೊಟ್ಟ ಮಾತನ್ನು ನಾನು ಮುರಿದೆ.