ಸಕ್ಕರೆ ಆನೆಯ ಸೊಂಡಿಲು

ಗೌರಿ ಹುಣ್ಣಿಮೆಯ ಬೆಳಗು, ಮೊದಲು ಅಚ್ಚುಗಳನ್ನು ನೀರಿನಿಂದ ಎತ್ತಬೇಕು, ಆಮೇಲೆ ಒರೆಸಿ ದಾರ ಸುತ್ತಬೇಕು, ಆಮೇಲೆ ಪಾಕ, ಪಾಕ ಹೊಯ್ದ ನಂತರ ಸ್ನಾನ, ಸ್ನಾನದ ನಂತರ ಸೀರೆ, ಮಧ್ಯಾಹ್ನ ಠಾಣೆ ಗಾಡಿ, ಸಂಜೆ ದೀಪ ಹಚ್ಚುವ ಹೊತ್ತಿಗೆ ಕೋಪರಿಯಲ್ಲಿ ಹುಡುಗಿಯ ಮನೆ — ಎಂದು ವೈಶಾಲಿ ಕ್ರಮ ಹಾಕಿಕೊಳ್ಳುತ್ತಿರುವಾಗಲೇ ಆನೆಯ ಅಚ್ಚಿನ ಒಂದು ಹೋಳು ಬಕೆಟ್ಟಿನಲ್ಲಿ ಮಗುಚಿ ಮೇಲೆ ತೇಲಿತು, ಸಾಗವಾನಿ ಕಟ್ಟಿಗೆ, ರಾತ್ರಿಯೆಲ್ಲ ನೀರು ಕುಡಿದು ಕಪ್ಪಾಗಿದೆ, ಆನೆಯ ಹೊಟ್ಟೆ ಬಟ್ಟಲಿನಷ್ಟು ಟೊಳ್ಳು, ಸೊಂಡಿಲಿನ ತೋಡೋ ಕಿರುಬೆರಳಿನಷ್ಟೂ ಅಗಲವಿಲ್ಲ, ಮುರಿಯುವುದಿದ್ದರೆ ಅಲ್ಲಿಯೇ ಮುರಿಯುತ್ತದೆ, ನೀರು ತಣ್ಣಗಿದೆ, ನಿಜವಾಗಿಯೂ ತಣ್ಣಗಿದೆ, ಮೊನ್ನೆಯವರೆಗೆ ಖಾರಘರದ ನಲ್ಲಿಯಲ್ಲಿ ಬೆಳಿಗ್ಗೆಯೂ ಬೆಚ್ಚನೆಯ ನೀರೇ ಬರುತ್ತಿತ್ತು, ಇವತ್ತು ಬೆರಳ ಗೆಣ್ಣುಗಳು ಜುಮ್ಮೆಂದವು, ಅಡುಗೆಮನೆಯ ಕಿಟಕಿಯಾಚೆ ಗುಡ್ಡದ ಹಸಿರು ಕಂದಿ ಒಣಹುಲ್ಲಿನ ಬಣ್ಣಕ್ಕೆ ತಿರುಗಿದೆ, ಚಳಿಗಾಲ ಬಂತೆಂದು ಇಲ್ಲಿ ಯಾರೂ ಹೇಳುವುದಿಲ್ಲ, ಒಬ್ಬೊಬ್ಬರೇ ಫ್ಯಾನಿನ ವೇಗ ಇಳಿಸುತ್ತಾರೆ, ಅಷ್ಟೇ. ಈ ಹುಣ್ಣಿಮೆಗೆ ಗಂಡಿನ ಮನೆಯವರು ನಿಶ್ಚಯವಾದ ಹುಡುಗಿಯ ಮನೆಗೆ ಸೀರೆ, ಹೂವಿನ ದಂಡೆ ಮತ್ತು ಸಕ್ಕರೆ ಆರತಿ ಒಯ್ಯಬೇಕು, ಆನೆ, ಬಸವಣ್ಣ, ಗಿಳಿ, ಕಳಸ, ಎಲ್ಲವೂ ಸಕ್ಕರೆಯ ಗೊಂಬೆಗಳು, ತಟ್ಟೆಯಲ್ಲಿ ನಿಲ್ಲಿಸಿ ನಡುವೆ ದೀಪವಿಟ್ಟು ಹುಡುಗಿ ಗೌರಿಗೆ ಬೆಳಗಬೇಕು. ಹುಡುಗಿ ಸ್ನೇಹಲ್, ಗಂಡು ವೈಶಾಲಿಯ ತಮ್ಮ ಶಶಿಕಾಂತ್, ಪ್ರತಿ ವರ್ಷ ಗೊಂಬೆ ಹೊಯ್ಯುತ್ತಿದ್ದ ಅವ್ವ ಕಾಳವ್ವನ ಬಲಗೈ ಬಚ್ಚಲಲ್ಲಿ ಜಾರಿ ಬಿದ್ದು ಪ್ಲಾಸ್ಟರಿನೊಳಗಿದೆ, ಆದ್ದರಿಂದ ಈ ವರ್ಷದ ಕೈ ವೈಶಾಲಿಯದು. ಅವ್ವ ಅಡುಗೆಮನೆಯ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಕೂತು ಹೇಳುತ್ತಾಳೆ, ಹಾಲ ಹಾಕಿ ಹೊಲಸ ತಗಿ, ಒಂದೀಟು ನಿಂಬಿಹುಳಿ ಬಿಡು, ಒಂದೀಟು ಎಂದರೆ ಎಷ್ಟವ್ವಾ, ಒಂದೀಟು ಅಂದ್ರ ಒಂದೀಟು. ವೈಶಾಲಿಗೆ ಇಂಥ ಅಳತೆ ಸಹ್ಯವಲ್ಲ, ಬೇಲಾಪುರದ ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಒಂದೀಟು ಎಂದು ಬರೆದರೆ ನೌಕರಿ ಉಳಿಯದು, ಒಂದು ಪಾತ್ರೆಗೆ ಒಂದು ಹಣ್ಣು, ಅದು ಸ್ವಚ್ಛವಾದ ಅಳತೆ, ಆಕೆ ಹಣ್ಣನ್ನು ಕೊಯ್ದು ಎರಡೂ ಹೋಳನ್ನು ಪೂರ್ತಿ ಹಿಂಡಿದಳು.

ಪಾಕ ಬೆಳ್ಳಗಾಗಬೇಕಿತ್ತು. ಒಲೆಯಿಂದ ಇಳಿಸಿ ಕಟ್ಟಿಗೆಯ ಸೌಟಿನಿಂದ ಪಾತ್ರೆಯ ಗೋಡೆಗೆ ತಿಕ್ಕುತ್ತ ಹೋದರೆ ಒಂದು ಗಳಿಗೆಯಲ್ಲಿ ಮಂಜು ಕವಿದಂತೆ ಬಿಳುಪೇರುತ್ತದೆ, ಅದೇ ಗಳಿಗೆಗೆ ಹೊಯ್ಯಬೇಕು, ಚಿಕ್ಕಂದಿನಿಂದ ನೋಡಿದ್ದಾಳೆ, ಆದರೆ ತಿಕ್ಕಿದಳು, ತಿಕ್ಕಿದಳು, ರಟ್ಟೆ ಸೋತಿತು, ಪಾಕ ಮಾತ್ರ ಜೇನಿನಂತೆ ಪಾರದರ್ಶಕ, ಕಡೆಗೆ ಹಾಗೆಯೇ ಹೊಯ್ದಳು, ಕಾಯ್ದಳು, ದಾರ ಬಿಚ್ಚಿದಾಗ ಆನೆ ಎರಡೂ ಹೋಳಿಗೆ ಅಂಟಿಕೊಂಡು ನಡುವೆ ಎಳೆಎಳೆಯಾಗಿ ಜಗ್ಗಿತು, ಸೊಂಡಿಲು ಕಟ್ಟಿಗೆಯಲ್ಲೇ ಉಳಿಯಿತು. ಹೊರಕೋಣೆಯಲ್ಲಿ ದಂಡೆ ಕಟ್ಟುತ್ತಿದ್ದ ವಸಂತಿ ಅತ್ತೆ, ಅಪ್ಪನ ಅಕ್ಕ, ನಿನ್ನೆ ಸಂಜೆಯೇ ಡೊಂಬಿವಲಿಯಿಂದ ಬಂದವರು, ಎದ್ದು ಬಂದು ನೋಡಿದರು, ಅಂದರು, ವೈಶಾಲಿಗಲ್ಲ, ಅವ್ವನಿಗೆ — ಕಾಳವ್ವಾ, ನಾ ಹೇಳಿ ಕೆಟ್ಟಾಕಿ ಆಗ್ತೀನಿ, ಆದ್ರ ಸಂಬಂಧ ಮುರಕೊಂಡ ಕೈ ಅದು, ಆ ಕೈಲೆ ಮದಿಮಗಳ ಆರತಿ ಹೊಯ್ಯಸಬ್ಯಾಡ, ನೋಡು, ಸಕ್ಕರೀನೂ ಒಲ್ಲೆ ಅಂತು, ನಮ್ಮ ಕಡೆ ಅಂಗಡ್ಯಾಗ ಸಿಗ್ತಾವ, ಲತೇಶಗ ಫೋನ್ ಮಾಡಿದ್ರ ತಂದ ಕೊಡ್ತಾನ. ಲತೇಶ್ ಅತ್ತೆಯ ಮಗ. ಅವ್ವ ಪ್ಲಾಸ್ಟರಿನ ಕೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಅಂಗಡಿ ಆರತಿ ನಮ್ಮ ಮನಿಯಿಂದ ಯಾವತ್ತೂ ಹೋಗಿಲ್ರಿ ಅಕ್ಕಾರ, ಎಂದಳು, ಆದರೆ ದನಿ ಇಳಿದಿತ್ತು, ಅವ್ವನೂ ಆ ಖಾಲಿ ಅಚ್ಚನ್ನೇ ನೋಡುತ್ತಿದ್ದಳು, ವೈಶಾಲಿಗೆ ತಿಳಿದುಬಿಟ್ಟಿತು, ಇದು ಇವತ್ತಿನ ಮಾತಲ್ಲ, ಈ ಹೊತ್ತು ಅಂಗಡಿಯ ಗೊಂಬೆ ಹೋದರೆ ಇನ್ನು ಈ ಮನೆಯ ಯಾವ ಶುಭಕಾರ್ಯಕ್ಕೂ ಈ ಕೈ ಮುಂದಾಗುವಂತಿಲ್ಲ, ತಮ್ಮನ ಅರಿಸಿನಕ್ಕೆ ಇಲ್ಲ, ನಾಳೆ ತಮ್ಮನ ಕೂಸಿನ ತೊಟ್ಟಿಲಿಗೂ ಇಲ್ಲ, ಯಾರೂ ಬೈಯುವುದಿಲ್ಲ, ಮೆಲ್ಲಗೆ ಬದಿಗೆ ಸರಿಸುತ್ತಾರೆ, ಇರಲಿ ಬಿಡವ್ವ, ಅವಳು ಮಾಡ್ತಾಳ, ನೀ ಕೂಡು. ಮುರಿದುಕೊಂಡದ್ದು ಹೌದು, ಮುರಿದು ಬಿದ್ದದ್ದಲ್ಲ, ಕಲ್ಯಾಣದ ಶೈಲೇಶ್, ಒಳ್ಳೆಯವನೇ, ಆದರೆ ಅವನ ತಾಯಿ ಮದುವೆಯಾದ ಮೇಲೆ ಲ್ಯಾಬು ಗೀಬು ಬೇಡ ಎಂದಾಗ ಅವನು ಮೊಬೈಲ್ ನೋಡುತ್ತ ಕುಳಿತಿದ್ದ, ಆಕೆ ಉಂಗುರ ತೆಗೆದು ಟೀಪಾಯಿಯ ಮೇಲಿಟ್ಟು ಎದ್ದು ಬಂದಳು, ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತ್ತು, ಹಸಿವಾಗಿತ್ತು, ವಡಾಪಾವ್ ತಿಂದಳು, ಅಳಲಿಲ್ಲ — ಅದನ್ನೂ ಮನೆಯವರು ಅವಳ ಲೆಕ್ಕಕ್ಕೇ ಬರೆದರು, ಅಳಲಿಲ್ಲ ನೋಡು.

ಒಂದು ಪ್ರಯೋಗ ವಿಫಲವಾದರೆ ಬದಲಾಯಿಸಬೇಕಾದದ್ದು ಒಂದೇ ಅಂಶವನ್ನು, ಎರಡನ್ನಲ್ಲ. ಅತ್ತೆ ಕೈ ಎನ್ನುತ್ತಾರೆ, ಸರಿ, ಕೈಯನ್ನೇ ಬದಲಿಸೋಣ. ಅದೇ ಪೊಟ್ಟಣದ ಸಕ್ಕರೆ, ಅದೇ ಪಾತ್ರೆ, ಅದೇ ಒಲೆ, ಅಚ್ಚನ್ನು ಬಿಸಿನೀರಲ್ಲಿ ತೊಳೆದು ಮತ್ತೆ ತಣ್ಣೀರಿಗೆ ಬಿಟ್ಟು, ಅತ್ತೀ, ಈ ಸಲ ನೀವ ಹೊಯ್ರಿ, ಎಂದಳು. ವ್ಯಂಗ್ಯವೇನೂ ಇರಲಿಲ್ಲ, ಪೂರ್ಣ ಗೌರವದಿಂದಲೇ ಹೇಳಿದಳು, ಅತ್ತೆಯದು ಮುತ್ತೈದೆಯ ಕೈ, ಹಸಿರು ಬಳೆಯ ಕೈ, ಮಗ, ಸೊಸೆ, ಮೊಮ್ಮಕ್ಕಳನ್ನು ಕಂಡ ಕೈ, ಊರಿನಲ್ಲಿ ಎಷ್ಟೋ ಮದುವೆಗಳಿಗೆ ಮೊದಲ ಅರಿಸಿನ ಹಚ್ಚಿದ ಕೈ. ಅತ್ತೆ ಸೆರಗು ಸಿಕ್ಕಿಸಿಕೊಂಡರು, ಹಂಗಂತೀಯಾ, ನೋಡೀಗ, ಎಂದು ಸಕ್ಕರೆಗೆ ನೀರು ಬಿಟ್ಟರು, ಹಾಲು ಬಿಟ್ಟರು, ನಿಂಬೆಹಣ್ಣನ್ನು ವೈಶಾಲಿಯೇ ಕೊಯ್ದು ಕೊಟ್ಟಳು, ಅಷ್ಟೇ ದೊಡ್ಡದು, ಅತ್ತೆ ಹಿಂಡಿದರು, ಹುಳಿ ಬಿದ್ದಷ್ಟೂ ಬೆಳ್ಳಗಾಗ್ತದ ತಂಗಿ, ಹಾಲಿನಂಗ ಆಗ್ತದ, ಮತ್ತಷ್ಟು ಹಿಂಡಿದರು, ತಿಕ್ಕಿದರು, ಬಳೆಗಳು ಒಂದೇ ತಾಳದಲ್ಲಿ ಸದ್ದು ಮಾಡಿದವು, ತಾಳ ನಿಧಾನವಾಯಿತು, ನಿಂತಿತು, ಪಾಕ ಜೇನಿನ ಬಣ್ಣದಲ್ಲಿಯೇ ಉಳಿಯಿತು. ಹೊರಕೋಣೆಯಿಂದ ಶಶಿಕಾಂತ್ ಫೋನಿನ ಮೇಲೆ ಕೈಯಿಟ್ಟು ಕೇಳಿದ, ಅಕ್ಕಾ, ಸ್ನೇಹಲ್ ವಿಚಾರತೇಯ್, ಹತ್ತೀ ಝಾಲಾ ಕಾ, ಆನೆ ಆಯಿತೇ ಎಂದು, ಆ ಹುಡುಗಿಗೆ ಬೇಕಾದದ್ದು ಆನೆಯೊಂದೇ, ಚಿಕ್ಕಂದಿನಲ್ಲಿ ಅವಳ ಅಕ್ಕನಿಗೆ ಬಂದಿತ್ತಂತೆ, ಇವಳಿಗೆ ಮುಟ್ಟಲು ಕೊಟ್ಟಿರಲಿಲ್ಲವಂತೆ. ಅಷ್ಟರಲ್ಲಿ ಅತ್ತೆ ಹಾಗೆಯೇ ಹೊಯ್ದು ಕಾಯ್ದ ಅಚ್ಚಿನ ದಾರ ಬಿಚ್ಚುತ್ತಿದ್ದರು, ಆನೆ ಜಗ್ಗಿತು, ಹರಿಯಿತು, ಸೊಂಡಿಲು ಮತ್ತೆ ಕಟ್ಟಿಗೆಯಲ್ಲೇ ಉಳಿಯಿತು. ಈ ಸಮುದ್ರದ ಗಾಳಿ ಚಲೋ ಅಲ್ಲ, ಎಂದರು ಅತ್ತೆ. ಹೌದ್ರಿ, ಎಂದಳು ಅವ್ವ, ತುಟಿಯ ಒಂದು ಮೂಲೆ ಮಾತ್ರ ಅಲುಗಿತು. ಅತ್ತೆಗೆ ಚಹಾ ಬೇಕಾಯಿತು. ಪೊಟ್ಟಣದಲ್ಲಿ ಉಳಿದ ಸಕ್ಕರೆ ಇನ್ನೊಂದು ಪಾತ್ರೆಗೆ ಮಾತ್ರ ಸಾಕು, ಅದನ್ನು ಮುಟ್ಟುವಂತಿಲ್ಲ, ಫ್ರಿಜ್ಜಿನ ಮೇಲಿನ ಡಬ್ಬಿಯಲ್ಲಿ ಹೋದ ವರ್ಷ ಶೈಲೇಶನ ಮನೆಯಿಂದ ಬಂದ ಗೊಂಬೆಗಳಿವೆ, ಉಂಗುರ ತಿರುಗಿ ಹೋಗುತ್ತದೆ, ಸೀರೆ ತಿರುಗಿ ಹೋಗುತ್ತದೆ, ಸಕ್ಕರೆ ತಿರುಗಿ ಹೋಗುವುದಿಲ್ಲ, ತಿನ್ನಲೂ ಆಗದೆ ಎಸೆಯಲೂ ಆಗದೆ ಅವ್ವ ಮುಚ್ಚಿಟ್ಟಿದ್ದಾಳೆ, ವೈಶಾಲಿ ಡಬ್ಬಿ ತೆರೆದು ಗುಲಾಬಿ ಬಣ್ಣದ ಒಂದು ಗಿಳಿಯನ್ನು ಎತ್ತಿ, ನೋಡಿ, ಕುದಿಯುವ ಚಹಾದಲ್ಲಿ ಬಿಟ್ಟಳು, ಗಿಳಿ ಒಮ್ಮೆ ತೇಲಿ ಬಾಲದ ಕಡೆಯಿಂದ ಕರಗಿತು, ಸಕ್ಕರೆಗೆ ಬೀಗತನದ ನೆನಪಿರುವುದಿಲ್ಲ, ಕರಗಿದರೆ ಸಿಹಿ, ಅಷ್ಟೇ. ಅತ್ತೆ ಕುಡಿದು ಚಹಾ ಚಲೋ ಆಗೇದ ಎಂದರು. ಆಗೇದಲ್ರೀ ಎಂದಳು ವೈಶಾಲಿ, ಎದೆಯೊಳಗೆ ಏನೋ ಹಗುರಾಗಿ ಮೇಲೆದ್ದಿತು, ನಗೆಯಿರಬೇಕು.

ಕೈಯಲ್ಲ. ಕೈ ಬದಲಾದರೂ ಫಲ ಬದಲಾಗಲಿಲ್ಲ, ಆದ್ದರಿಂದ ಕೈಯಲ್ಲ, ಇದು ತೀರ್ಮಾನವಾಯಿತು, ಹಾಗಾದರೆ ಏನು, ಗಾಳಿಯೇ, ಗಾಳಿ ಪ್ರತಿ ವರ್ಷವೂ ಇದೇ, ಅವ್ವನ ಗೊಂಬೆಗಳು ಕಟ್ಟುತ್ತಿದ್ದವು, ಅಚ್ಚೇ, ಅಚ್ಚೂ ಅದೇ, ಅಜ್ಜಿಯ ಕಾಲದ್ದು — ಸಿಂಕಿನಲ್ಲಿ ಹಿಂಡಿದ ನಿಂಬೆಯ ನಾಲ್ಕು ಸಿಪ್ಪೆಗಳು ಬಟ್ಟಲಿನಂತೆ ಬೋರಲಾಗಿ ಬಿದ್ದಿವೆ, ನೋಡುತ್ತಾಳೆ, ಜೇನಿನ ಬಣ್ಣ, ಜೇನಿನಂತೆ ಪಾರದರ್ಶಕ, ಜೇನು, ಅಯ್ಯೋ ಜೇನು, ಬೇಲಾಪುರದಲ್ಲಿ ದಿನಾ ಅವಳ ಮೇಜಿಗೆ ಬರುವುದೇ ಜೇನಿನ ಬಾಟಲಿಗಳು, ಬೆರಕೆ ಹೇಗೆ ಮಾಡುತ್ತಾರೆ, ಸಕ್ಕರೆ ಪಾಕಕ್ಕೆ ಹುಳಿ ಹಾಕಿ ಕುದಿಸುತ್ತಾರೆ, ಹುಳಿಗೆ ಸಕ್ಕರೆಯ ಕಣ ಒಡೆದು ಎರಡಾಗುತ್ತದೆ, ಗ್ಲೂಕೋಸ್ ಒಂದು ಕಡೆ, ಫ್ರಕ್ಟೋಸ್ ಒಂದು ಕಡೆ, ಒಡೆದ ಸಕ್ಕರೆ ಉಳಿದದ್ದನ್ನೂ ಹರಳುಗಟ್ಟಲು ಬಿಡುವುದಿಲ್ಲ, ಬಾಟಲಿಯಲ್ಲಿ ವರ್ಷವಿಟ್ಟರೂ ಹಾಗೆಯೇ ಹರಿಯುತ್ತಿರುತ್ತದೆ, ಇದನ್ನು ಹಿಡಿದುಕೊಟ್ಟದ್ದಕ್ಕೆ ಹೋದ ತಿಂಗಳು ಸಾಹೇಬರು ಶಾಭಾಸ್ ಎಂದಿದ್ದರು, ಮತ್ತು ಇವತ್ತು ತನ್ನದೇ ಅಡುಗೆಮನೆಯಲ್ಲಿ, ಹಬ್ಬದ ದಿನ, ತಲೆಗೆ ಎಣ್ಣೆ ಹಚ್ಚಿಕೊಂಡು, ಒಂದು ಪಾತ್ರೆ ಶುದ್ಧ ಬೆರಕೆ ಜೇನನ್ನು ಅವಳೇ ತಯಾರಿಸಿದಳು, ಅತ್ತೆ ಎರಡನೆಯ ಪಾತ್ರೆ ತಯಾರಿಸಿದರು. ಅವ್ವನ ಒಂದೀಟು ನಾಲ್ಕು ಹನಿಯಿದ್ದೀತು, ತಾನು ಅದನ್ನು ಇಡೀ ಒಂದು ಹಣ್ಣಿಗೆ ಏರಿಸಿದ್ದಳು, ಸ್ವಚ್ಛ ಅಳತೆಯ ಹಟಕ್ಕೆ. ಅವ್ವಾ, ನಿಂಬಿಹುಳಿ ಬ್ಯಾಡ, ಎಂದಳು. ಹುಳಿ ಇಲ್ದ ಹೊಲಸ ಹೆಂಗ ಹೋಗ್ತದ, ಎಂದರು ಅತ್ತೆ. ಈಗಿನ ಸಕ್ಕರ್ಯಾಗ ಹೊಲಸ ಇಲ್ರಿ ಅತ್ತಿ, ಇದ್ದಷ್ಟು ಹಾಲಿಗೆ ಹೋಗ್ತದ. ಅತ್ತೆ ಅವ್ವನನ್ನು ನೋಡಿದರು, ಅವ್ವ ವೈಶಾಲಿಯನ್ನು ನೋಡಿದಳು, ಹಚ್ಚವ್ವ ಒಲಿ, ಎಂದಳು. ಅಚ್ಚನ್ನು ಮತ್ತೆ ಬಿಸಿನೀರಲ್ಲಿ ತೊಳೆದು ತಣ್ಣೀರಿಗೆ ಬಿಟ್ಟದ್ದಾಯಿತು, ಕೊನೆಯ ಸಕ್ಕರೆ. ಅದೇ ಪಾತ್ರೆ, ಅದೇ ಕೈ, ಸಂಬಂಧ ಮುರಿದುಕೊಂಡ ಅದೇ ಕೈ, ಇಲ್ಲದ್ದು ಹುಳಿಯೊಂದೇ. ಪಾಕ ಎಳೆ ಬಂತು, ಇಳಿಸಿದಳು, ಸೌಟು ಗೋಡೆಗೆ ಹಚ್ಚಿ ತಿಕ್ಕಿದಳು, ಒಂದು ಸುತ್ತು, ಏನಿಲ್ಲ, ಇನ್ನೊಂದು ಸುತ್ತು, ಏನಿಲ್ಲ, ಬಾಗಿಲಲ್ಲಿ ಶಶಿಕಾಂತನೂ ಬಂದು ನಿಂತಿದ್ದಾನೆ, ಫೋನು ಕಿವಿಯಲ್ಲೇ ಇದೆ, ಆ ಕಡೆ ಸ್ನೇಹಲಳೂ ಉಸಿರು ಹಿಡಿದಿರಬೇಕು, ಮತ್ತೊಂದು ಸುತ್ತು — ಸೌಟಿನ ಅಂಚಿನಲ್ಲಿ ಒಂದು ಬಿಳಿ ಗೆರೆ, ಗೆರೆ ಹೊಗೆಯಾಯಿತು, ಹೊಗೆ ಪಾತ್ರೆಯ ತುಂಬ ಹರಡಿತು, ಸೌಟು ಭಾರವಾಗುತ್ತಿದೆ, ಈಗ, ಈಗಲೇ, ಹೊಯ್ದಳು, ಬಸವಣ್ಣನಿಗೆ, ಗಿಳಿಗೆ, ಕಳಸಕ್ಕೆ, ಕೊನೆಗೆ ಆನೆಯ ಹೊಟ್ಟೆಗೆ, ಅಚ್ಚನ್ನು ಓರೆ ಹಿಡಿದು ತಟ್ಟಿದಳು, ಸೊಂಡಿಲಿನ ತುದಿಗೆ ಇಳಿಯಲಿ, ಇಳಿದಿತೇ, ಗೊತ್ತಿಲ್ಲ, ಕಟ್ಟಿಗೆಯೊಳಗೆ ಕಣ್ಣು ಹೋಗುವುದಿಲ್ಲ. ಬಸವಣ್ಣ ಸರಿಯಾಗಿ ಬಂದ, ಗಿಳಿ ಬಂತು, ಕಳಸ ಬಂತು, ಆದರೆ ಅವುಗಳಿಗೆ ಮುರಿಯುವಂಥದ್ದೇನಿದೆ, ಎಲ್ಲವೂ ಗಿಡ್ಡ, ಎಲ್ಲವೂ ಗುಂಡು. ಆನೆಯ ಅಚ್ಚಿಗೆ ಅತ್ತೆಯೇ ಮೊದಲು ಕೈ ಹಾಕಿದರು, ದಾರದ ಗಂಟು ಹುಡುಕಿದರು, ಹುಡುಕುತ್ತ ತಡೆದರು, ಆಮೇಲೆ ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ವೈಶಾಲಿಯ ಮುಂದೆ ಹಿಡಿದರು, ತಾಂಬೂಲ ಕೊಡುವಾಗ ಹಿಡಿಯುವ ಹಾಗೆ — ತಗಿಯವ್ವ, ನೀ ಹೊಯ್ದದ್ದು ನೀನ ತಗಿ, ನಿನ್ನ ತಮ್ಮನ ಹೆಂಡತಿಗೆ ನಿನ್ನ ಕೈಲೇನ ಹೋಗಲಿ. ಅದನ್ನು ಅವರು ಗಟ್ಟಿಯಾಗಿಯೇ ಹೇಳಿದರು, ಹೊರಕೋಣೆಗೂ ಕೇಳುವಷ್ಟು, ಫೋನಿಗೂ ಕೇಳುವಷ್ಟು. ದಾರ ಬಿಚ್ಚಿತು, ಮೇಲಿನ ಹೋಳು ಟಪ್ಪೆಂದು ಸಡಿಲಾಯಿತು, ಯಾವುದೂ ಜಗ್ಗಲಿಲ್ಲ, ಯಾವ ಎಳೆಯೂ ಇಲ್ಲ, ಕಿವಿ, ಬೆನ್ನು, ಬಾಲ, ಕೆಳಗಿನ ಹೋಳನ್ನು ಅಂಗೈಯ ಮೇಲೆ ಬೋರಲು ಹಾಕಿದಳು, ಕಟ್ಟಿಗೆ ಬರಿದಾಗಿ ಮೇಲೆ ಬಂತು, ಸೊಂಡಿಲಿನ ತೋಡಿನಲ್ಲಿ ಒಂದು ಹರಳೂ ಉಳಿದಿಲ್ಲ, ಅಂಗೈಯಲ್ಲಿ ಬಿಳುಪು, ಇನ್ನೂ ಬಿಸಿ, ಮೆಲ್ಲಗೆ ತಟ್ಟೆಗೆ ಇಳಿಸಿದಳು, ಕೈ ಹಿಂದಕ್ಕೆ ತೆಗೆದಳು, ಆನೆ ನಿಂತಿದೆ, ಸೊಂಡಿಲು ತುದಿಯವರೆಗೂ ಪೂರ್ತಿಯಾಗಿದೆ.